ಸಿದ್ದರಾಜುವಿಗೆ ಇಡದ ಎಡೆ

ಮೊದಲೇ ಹೇಳಿಬಿಡುತ್ತೇನೆ, ನಾನು ಪುಟ್ಟಲಕ್ಷ್ಮಿಯ ಪ್ರಾರ್ಥನಾ ಸಭೆಯವಳಲ್ಲ. ನಮ್ಮ ಮನೆದೇವರು ಬೆಟ್ಟದಪುರದ ಬೆಟ್ಟದ ಮೇಲಿದ್ದಾನೆ. ವರ್ಷಕ್ಕೊಮ್ಮೆ ಹತ್ತಿ, ಕೈಮುಗಿದು, ಮಂಡಿನೋವು ಹೊತ್ತುಕೊಂಡು ಇಳಿಯುತ್ತೇನೆ. ಅಷ್ಟೇ ನನ್ನ ಭಕ್ತಿ. ಬೆಟ್ಟದ ಬುಡದ ನಮ್ಮ ಹಳ್ಳಿಯಲ್ಲಿ ಅಂಗನವಾಡಿ ಟೀಚರಾಗಿಯೇ ನನಗೆ ತಲೆ ನೆರೆಯಿತು. ಮಾಯಮ್ಮ ಮಿಸ್ಸಿಗೆ ಬಾಯಿ ಜೋರು ಅನ್ನುತ್ತಾರೆ, ಅನ್ನಲಿ. ಪುಟ್ಟಲಕ್ಷ್ಮಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಾಚೆಯ ಪ್ರಾರ್ಥನೆ, ಜಗಳ, ಅಳು ಎಲ್ಲವೂ ನನ್ನ ಕಿವಿಗೆ ಬಿದ್ದಿವೆ. ಬೇಕೆಂದೇ ಕೇಳಿಸಿಕೊಂಡಳು ಅಂತಲೂ ಇಟ್ಟುಕೊಳ್ಳಿ, ನನಗೇನೂ ನಾಚಿಕೆಯಿಲ್ಲ.

ಅವಳು ಯೇಸುಸ್ವಾಮಿಯನ್ನು ನಂಬಿದ್ದು ಮಗಳು ಮಾನಸ ಹಾಲುಗೂಸಾಗಿದ್ದಾಗ. ಎದೆಗೂಡಿಗೆ ಕಫ ಕಟ್ಟಿ ಮಗು ಮೈಸೂರಿನ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿತ್ತು. ಅಲ್ಲಿ ನರ್ಸಮ್ಮ ಒಬ್ಬರು ಅದರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರಂತೆ. ಮಗು ಉಳಿಯಿತು. ಔಷಧಿಯಿಂದಲೋ ಪ್ರಾರ್ಥನೆಯಿಂದಲೋ, ನನ್ನನ್ನು ಕೇಳಬೇಡಿ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಪಿರಿಯಾಪಟ್ಟಣ ರಸ್ತೆಯ ಶೀಟು ಹೊದಿಸಿದ ಪ್ರಾರ್ಥನಾ ಮನೆಗೆ ಅವಳು ಹೋಗತೊಡಗಿದಳು. ಕರೆದುಕೊಂಡು ಹೋಗುತ್ತಿದ್ದವನು ಗಂಡ ಸಿದ್ದರಾಜು. ಅವನು ಒಳಗೆ ಕಾಲಿಟ್ಟವನಲ್ಲ. ಎದುರಿನ ಹೊಂಗೆಮರದ ಕೆಳಗೆ ಬೈಕು ನಿಲ್ಲಿಸಿ, ಅದರ ಮೇಲೇ ಕೂತು, ಬೀಡಿ ಸೇದುತ್ತಾ ಕಾಯುತ್ತಿದ್ದ.

"ಏನ್ಲಾ ಸಿದ್ದ, ಹೆಂಡ್ತಿ ಜೊತೆ ನೀನೂ ಸೇರ್ಕಂಡ್ಯಾ?" ಎಂದು ಒಮ್ಮೆ ಕಿಚಾಯಿಸಿದ್ದೆ.

"ಯಾವ್ ದೇವ್ರಾದ್ರೇನ್ ಮಿಸ್ಸೇ, ನನ್ ಕೂಸು ಉಸಿರಾಡ್ತಾ ಅದಲ್ಲ, ಅಷ್ಟ್ ಸಾಕ್ ಬುಡಿ" ಎಂದು ನಕ್ಕಿದ್ದ.

ಅಂಥ ಮನುಷ್ಯ. ಕೆಲಸ ಅಂಕಯ್ಯನವರ ಬ್ಯಾರನ್ನಿನಲ್ಲಿ, ಹೊಗೆಸೊಪ್ಪು ಬೇಯಿಸುವುದು. ಬ್ಯಾರನ್ ನೋಡದವರಿಗೆ ಹೇಳುತ್ತೇನೆ. ಅದು ಗವ್ವೆನ್ನುವ ಎತ್ತರದ ಕೋಣೆ. ಸೊಪ್ಪು ಕಟ್ಟಿದ ಕಡ್ಡಿಗಳು ಮೇಲಿಂದ ಕೆಳಗಿನವರೆಗೆ ತೂಗುತ್ತಿರುತ್ತವೆ. ಬೆಂಕಿ ಹೊರಗಿನ ಒಲೆಯಲ್ಲಿ, ಶಾಖ ಮಾತ್ರ ತಗಡಿನ ಕೊಳವೆಯಲ್ಲಿ ಒಳಗಿನ ನೆಲ ಸುತ್ತುತ್ತದೆ. ಕೊನೆಯ ದಿನ ಎಲೆಯ ನರ ಒಣಗಲೆಂದು ಶಾಖ ಏರಿಸುತ್ತಾರೆ. ಆಗ ಒಣಗಿದ ಎಲೆಯೊಂದು ಕಳಚಿ ಕೊಳವೆಯ ಮೇಲೆ ಬಿದ್ದರೆ ಮುಗಿಯಿತು, ಭಗ್ಗೆಂದು ಹತ್ತಿಕೊಳ್ಳುತ್ತದೆ. ಆ ದಿನ ಬೇಯಿಸುವವನು ಜಾಗ ಬಿಟ್ಟು ಕದಲಬಾರದು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು ಇದು.

ಮಾನಸ ಐದನೇ ಕ್ಲಾಸಿನಲ್ಲಿದ್ದ ವರ್ಷ ಅಂಥದೊಂದು ಕೊನೆಯ ದಿನ ಭಾನುವಾರ ಬಿತ್ತು. ಪ್ರಾರ್ಥನೆ ಬೇಗ ಮುಗಿಯುತ್ತದೆ, ಬಿಟ್ಟು ಕರೆದುಕೊಂಡು ಬಂದುಬಿಡಿ ಎಂದು ಪುಟ್ಟಲಕ್ಷ್ಮಿಯೇ ಹೇಳಿದಳು. ಹೆಂಡತಿಯ ಮಾತಿಗೆ ಇಲ್ಲ ಅನ್ನದ ಗಂಡ, ಒಲೆಗೆ ಸೌದೆಯ ಕುಂಟೆ ತುಂಬಿ ಹೊರಟ. ಅವತ್ತೇ ಹುಣಸೂರಿನಿಂದ ಬೇರೊಬ್ಬ ಪಾಸ್ಟರು ಬಂದಿದ್ದರು. ಪ್ರಾರ್ಥನೆ ಎಳೆಯಿತು. ಕೊನೆಯ ಪ್ರಾರ್ಥನೆಯಂತೂ ಮುಗಿಯಲೇ ಇಲ್ಲ. ಹೊರಗೆ ಅವನು ಎರಡು ಸಲ ಹಾರನ್ ಹೊಡೆದನಂತೆ. ಇವಳಿಗೆ ಕೇಳಿಸಿತು. ಮಧ್ಯದಲ್ಲಿ ಏಳುವುದು ಹೇಗೆಂದು ಕಣ್ಣು ಮುಚ್ಚಿಕೊಂಡೇ ಕೂತಳು.

ಊರು ಹತ್ತಿರವಾದಾಗ ಹೊಗೆ ಕಾಣಿಸಿತು. ಅವಳನ್ನು ಊರಬಾಗಿಲಲ್ಲಿ ಇಳಿಸಿ, "ನೀನ್ ನಡಿ, ನಾನ್ ನೋಡ್ಕಬತ್ತೀನಿ" ಎಂದು ಬೈಕು ತಿರುಗಿಸಿದ. ಅಷ್ಟೇ, ಮತ್ತೆ ಅವನನ್ನು ಊರು ನೋಡಿಲ್ಲ. ಬ್ಯಾರನ್ನಿನ ಸೂರು ಕುಸಿದು ಬೀಳುವಾಗ ದೂರದ ಬೇಲಿಯ ಹತ್ತಿರ ತಲೆಯ ಮೇಲೆ ಕೈ ಹೊತ್ತು ನಿಂತಿದ್ದನ್ನು ಯಾರೋ ಕಂಡರಂತೆ. ಬೈಕು ಮಾತ್ರ ವಾರದ ಮೇಲೆ ಸಿಕ್ಕಿತು, ಕೋಟೆ ಊರು ದಾಟಿ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ, ಬೇಕರಿಯೊಂದರ ಮುಂದೆ, ಕೀ ಅದರಲ್ಲೇ. ಅಲ್ಲಿಂದ ಕೇರಳಕ್ಕೂ ಬಸ್ಸಿದೆ, ಮೈಸೂರಿಗೂ ಬಸ್ಸಿದೆ. ಕಾಡೂ ಹತ್ತಿರವೇ ಇದೆ.

ಅಂಕಯ್ಯನವರು ಜಿಪುಣ, ಬಾಯಿಬಡುಕ, ಆದರೂ ಅವತ್ತು ದೊಡ್ಡ ಮನುಷ್ಯರಾದರು. ಮನೆಗೇ ಬಂದು ಜಗಲಿಯ ಮೇಲೆ ಕೂತು ಹೇಳಿದರು: "ಸೊಪ್ಪೋದ್ರೆ ಮುಂದಿನ್ ವರ್ಸ ಬೆಳೀತದೆ ಕಣವ್ವ. ಆ ಬಡ್ಡಿಮಗ ಬಂದು ಮೊಕ ತೋರ್ಸಾಕೇಳು. ನಾನೇನ್ ಅವ್ನ ತಿಂದ್‌ಬುಡ್ತೀನಾ?"

ಕ್ಷಮೆ ಮನೆಬಾಗಿಲಿಗೆ ಬಂದಿತ್ತು. ಅದನ್ನು ಹೇಳೋಣವೆಂದರೆ ಅವನೆಲ್ಲಿ? ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಉಳಿದವರು ಮೂವರು: ಪುಟ್ಟಲಕ್ಷ್ಮಿ, ಮಾನಸ, ಮತ್ತೆ ಸಿದ್ದರಾಜುವಿನ ತಾಯಿ ರಾಚಮ್ಮ. ರಾಚಮ್ಮನಿಗೆ ಅವನೊಬ್ಬನೇ ಮಗ. ಗಂಡ ದಾಸಯ್ಯ ಯಾವಾಗಲೋ ತೀರಿಹೋಗಿದ್ದ. ಮುದುಕಿ ಸೊಸೆಯನ್ನು ಹೊಡೆಯಲಿಲ್ಲ, ಮನೆಯಿಂದ ಅಟ್ಟಲಿಲ್ಲ. ಒಂದೇ ಒಂದು ಮಾತು ಇಟ್ಟುಕೊಂಡಳು. ಹಿಟ್ಟು ತೊಳಸುವಾಗ, ಕಸ ಗುಡಿಸುವಾಗ, ನಾಲ್ಕು ಜನರ ಮುಂದೆ, ಅದೇ ಮಾತು: "ಇವ್ಳ್ ಪ್ರಾರ್ಥನೆ ಮುಗೀಲಿಲ್ಲ, ನನ್ ಮಗ ಮುಗ್ದೋದ." ಅದಕ್ಕಿಂತ ಕಪಾಳಕ್ಕೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು.

ಪುಟ್ಟಲಕ್ಷ್ಮಿ ಎದುರು ಮಾತಾಡಲಿಲ್ಲ. ಭಾನುವಾರ ನಡೆದುಕೊಂಡೇ ಪ್ರಾರ್ಥನೆಗೆ ಹೋಗತೊಡಗಿದಳು. ಆದರೆ ಪೂರ್ತಿ ಕೂರುತ್ತಿರಲಿಲ್ಲ. ಕೊನೆಯ ಪ್ರಾರ್ಥನೆ ಶುರುವಾಗುವ ಮೊದಲೇ ಎದ್ದು, ಸೆರಗು ಬಿಗಿದುಕೊಂಡು, ಓಡುವ ಹಾಗೆ ಮನೆಗೆ ಬರುತ್ತಿದ್ದಳು. ಯಾಕೆ ಎಂದರೆ, "ಕಡೇ ಪ್ರಾರ್ಥ್ನೆ ಸುರುವಾದ್ರೆ ಸುಟ್ಟ್ ಸೊಪ್ಪಿನ್ ವಾಸ್ನೆ ಬತ್ತದೆ ಮಾಯಕ್ಕ, ಕೂರಕ್ಕಾಗಲ್ಲ" ಅಂದಳು.

ಮಾರನೆಯ ವರ್ಷ ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಒಬ್ಬೊಬ್ಬರ ಹೆಸರಿಗೂ ಬಾಳೆಲೆ, ಅದರ ಮೇಲೆ ಅವರಿಗೆ ಇಷ್ಟವಾಗಿದ್ದು, ಬಾಡಿನ ಸಾರು, ಕಜ್ಜಾಯ, ಬೀಡಿ ಸೇದುವವರಿಗೆ ಬೀಡಿ, ಪಕ್ಕದಲ್ಲಿ ಹೊಸ ಬಟ್ಟೆ. ಧೂಪ ಹಾಕಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವೆ, ಹೋದವರು ಬಂದು ಉಣ್ಣಲಿ ಎಂದು. ಆ ವರ್ಷ ರಾಚಮ್ಮ ಪಿರಿಯಾಪಟ್ಟಣಕ್ಕೆ ಹೋಗಿ ನೀಲಿ ಗೀಟಿನ ಶರಟೊಂದು ತಂದಳು. ದಾಸಯ್ಯನ ಅಳತೆಯದಲ್ಲ, ಮಗನ ಅಳತೆಯದು.

ಆ ತಾಯಿಯ ಸಂಕಟವನ್ನೂ ಹೇಳಬೇಕು. ಮಗ ಸತ್ತಿದ್ದು ಎಡೆ ಇಡದಿದ್ದರೆ ಅವನು ಹಸಿದುಕೊಂಡು ಅಲೆಯುತ್ತಾನೆ. ಬದುಕಿದ್ದು ಎಡೆ ಇಟ್ಟರೆ ಹೆತ್ತವಳೇ ಅವನನ್ನು ಸತ್ತವರ ಪಂಕ್ತಿಗೆ ಕೂರಿಸಿದ ಹಾಗೆ. ಅವಳು ಮಗನ ಹಸಿವಿಗೇ ಹೆಚ್ಚು ಹೆದರಿದಳು.

ಪುಟ್ಟಲಕ್ಷ್ಮಿ ಶರಟನ್ನು ಕಿತ್ತುಕೊಂಡಳು. ಗೋಡೆಯ ಈಚೆ ನನ್ನ ಕೈಲಿದ್ದ ಸೌಟು ಹಾಗೇ ನಿಂತಿತು.

"ಬದ್ಕಿರೋರ್ಗೆ ಎಡೆ ಇಕ್ತಾರಾ ಅತ್ತೆ? ನಾನ್ ಸ್ವಾಮೀನ ಕೇಳೀವ್ನಿ. ಕರ್ಕಬತ್ತನೆ."

"ಯಾವಾಗ್ಲೇ? ಯಾವಾಗ್ ಕರ್ಕಬತ್ತನೆ? ದಿನ ಗೊತ್ಮಾಡಾಕೇಳು ಅವ್ನಿಗೆ!"

"ಅವನ್ ಟೈಮ್ಗೆ ಕರ್ಕಬತ್ತನೆ. ನಮ್ ಟೈಮ್ಗಲ್ಲ."

ಶರಟು ಟ್ರಂಕು ಸೇರಿತು. ಮುದುಕಿ ಎದೆ ಎದೆ ಬಡಿದುಕೊಂಡು ಅತ್ತಳು. ಹಿಡಿದು ಬೈಯಬೇಕು ಅನ್ನಿಸಿತು, ಇಬ್ಬರಲ್ಲಿ ಯಾರನ್ನು ಎಂದು ತಿಳಿಯಲಿಲ್ಲ.

ಅವನ್ ಟೈಮು! ನೋಡಿ, ದೇವರಿಗೆ ಅವಸರವಿಲ್ಲದಿರಬಹುದು, ಹೊಟ್ಟೆ ಹೊತ್ತವರಿಗೆ ಇರುತ್ತದೆ. ಕೇರಳದ ಮಾನಂದವಾಡಿಯ ಶುಂಠಿ ಹೊಲದಲ್ಲಿ ಅವನಂಥವನೊಬ್ಬನಿದ್ದಾನೆ ಎಂದು ಯಾರೋ ಹೇಳಿದರು. ಫೋಟೋ ಹಿಡಿದು ಹೋದಳು. ಅವನಲ್ಲ. ಇನ್ನೊಮ್ಮೆ ಪೊಲೀಸರು ಕರೆದರು, ಕಾಲುವೆಯಲ್ಲಿ ಹೆಣ ಸಿಕ್ಕಿದೆ, ಗುರುತು ಹಿಡಿಯಬೇಕು. ಅತ್ತೆ ಸೊಸೆ ಇಬ್ಬರೂ ಹೋದರು, ಜೊತೆಗೆ ನಾನೂ. ಬಟ್ಟೆ ಸರಿಸಿದಾಗ ಪುಟ್ಟಲಕ್ಷ್ಮಿ ಕಾಲಿನ ಬೆರಳು ನೋಡಿ "ಇವರಲ್ಲ" ಅಂದಳು. ಆಮೇಲೆ ಗೇಟಿನ ಹತ್ತಿರ ಕೂತು ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿದಳು. ರಾಚಮ್ಮ ಅವಳ ಬೆನ್ನು ಸವರುತ್ತಾ ನಿಂತಿದ್ದಳು. ಅವತ್ತಿನಿಂದ ಆ ಮುಗ್ದೋದ ಎಂಬ ಮಾತು ಮುದುಕಿಯ ಬಾಯಲ್ಲಿ ಬರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಶುರುವಾಯಿತು. ದಿನಾ ಸಂಜೆ ರಾಚಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವಳು, "ಇವತ್ ನಿನ್ ಸ್ವಾಮೀನ ಕೇಳ್ದ್ಯಾ?" ದನಕ್ಕೆ ನೀರಿಟ್ಟೆಯಾ ಎಂದು ಕೇಳುವ ಅದೇ ದನಿಯಲ್ಲಿ. ಪುಟ್ಟಲಕ್ಷ್ಮಿ "ಊಂ ಕೇಳ್ದೆ" ಅಂದಮೇಲೇ ಮುದುಕಿ ತಟ್ಟೆಯ ಮುಂದೆ ಕೂರುತ್ತಿದ್ದಳು. ಎಡೆಯ ಮಾತನ್ನೂ ಬಿಟ್ಟಳು. ಸುಸ್ತಾಗಿ ಬಿಟ್ಟಳು ಅಂತ ನಾನು ತಿಳಿದೆ.

ಸುಸ್ತಾಗಿದ್ದು ಸೊಸೆ. ಮೊದಮೊದಲು ಗೋಡೆಯಾಚೆಯಿಂದ ಗಟ್ಟಿಯಾಗಿ ಕೇಳುತ್ತಿದ್ದ ಪ್ರಾರ್ಥನೆ ಬರಬರುತ್ತಾ ಪಿಸುಮಾತಾಯಿತು. ಆಮೇಲೆ ಬರೀ "ಸ್ವಾಮಿ, ಸ್ವಾಮಿ" ಉಳಿಯಿತು. ಅವಳ ಪಾಸ್ಟರು ಒಳ್ಳೆಯವರೇ, ಮನೆಗೆ ಬಂದು "ತಾಳ್ಮೆಯಿಂದಿರಮ್ಮ, ಕರ್ತನು ತಡಮಾಡಿದರೂ ತಪ್ಪುವುದಿಲ್ಲ" ಎಂದು ಧೈರ್ಯ ಹೇಳುತ್ತಿದ್ದರು. ಕಾಫಿ ಕುಡಿದು ಎದ್ದು ಹೋಗುವವರಿಗೆ ತಾಳ್ಮೆ ಸುಲಭ ಎಂದು ನಾನು ಗೊಣಗಿಕೊಂಡೆ.

ಹೀಗೇ ಆರು ವರ್ಷವಾಯಿತು. ಮಾನಸ ಕಾಲೇಜು ಸೇರಿದಳು. ಒಂದು ಮಧ್ಯಾಹ್ನ ಅವಳ ಗೆಳತಿ ಚೈತ್ರ ಮನೆಗೆ ಬಂದಿದ್ದಳು. ಇಬ್ಬರೂ ಜಗಲಿಯಲ್ಲಿ ಸೀಬೆಹಣ್ಣು ತಿನ್ನುತ್ತಿದ್ದರು.

"ನಿಮ್ಮಪ್ಪ ಎಲ್ಲೇ?" ಎಂದು ಕೇಳಿತು ಆ ಹುಡುಗಿ.

"ಸತ್ತೋದ್ರು" ಅಂದಳು ಮಾನಸ, ಹಣ್ಣು ಕಚ್ಚುತ್ತಲೇ.

ಒಳಗೆ ಪುಟ್ಟಲಕ್ಷ್ಮಿ ಅಕ್ಕಿ ಆರಿಸುತ್ತಿದ್ದಳು. ಮಗಳನ್ನು ಬೈಯಲಿಲ್ಲ. ಮೊರವನ್ನು ಕೆಳಗಿಟ್ಟು ಹಿತ್ತಿಲಿಗೆ ಬಂದು, ನನ್ನನ್ನು ಕಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. "ನಾನ್ ಯಾರ್ಗೋಸ್ಕರ ಕಾಯ್ತಾ ಇವ್ನಿ ಮಾಯಕ್ಕ? ಯೋಳು, ಯಾರ್ಗೋಸ್ಕರ?" ಆ ಭಾನುವಾರ ಅವಳು ಪ್ರಾರ್ಥನೆಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸಂಜೆ ಮುದುಕಿ ಕೇಳಿದರೆ "ಊಂ" ಎಂದು ಸುಳ್ಳು ಹೇಳುತ್ತಿದ್ದಳು.

ಆ ವರ್ಷದ ಮಹಾಲಯ ಅಮಾವಾಸ್ಯೆ ಶನಿವಾರ ಬಂತು. ವಡೆ ತಟ್ಟಿಕೊಡಲು ನಾನು ಅವರ ಮನೆಗೆ ಹೋಗಿದ್ದೆ. ರಾಚಮ್ಮ ನಡುಮನೆ ಸಾರಿಸಿ ದಾಸಯ್ಯನಿಗೆ ಎಲೆ ಹಾಕಿ, ಬಡಿಸಿ, ಬೀಡಿಕಟ್ಟು ಇಟ್ಟಳು. ಆಗ ಪುಟ್ಟಲಕ್ಷ್ಮಿ ಕೋಣೆಯಿಂದ ಬಂದಳು. ಕೈಯಲ್ಲಿ ಆ ನೀಲಿ ಗೀಟಿನ ಶರಟು. ಮಾವನ ಎಲೆಯ ಪಕ್ಕದಲ್ಲಿ ಇಟ್ಟಳು.

"ಅವ್ರಿಗೂ ಒಂದೆಲೆ ಆಕ್ಬುಡಿ ಅತ್ತೆ."

ಮಾನಸ ಗೋಡೆಗೆ ಅಂಟಿಕೊಂಡಳು.

"ನನ್ ಕೈಲಾಗಕಿಲ್ಲ. ಕೇಳೀ ಕೇಳೀ ನಾಲ್ಗೆ ಸವ್ದೋಯ್ತು. ಸ್ವಾಮಿ ಕೇಳುಸ್ಕತಾ ಇಲ್ಲ. ಈ ತಿಂಗ್ಳು ನಾನ್ ಪ್ರಾರ್ಥ್ನೇನೆ ಮಾಡಿಲ್ಲ, ಸುಳ್ ಏಳ್ದೆ ನಿಮ್ಗೆ. ಅವತ್ತು ಆರನ್ ಕೇಳುಸ್ತು ಅತ್ತೆ, ಕೇಳುಸ್ತು, ನಾನ್ ಎದ್ದ್ ಬರ್ಲಿಲ್ಲ. ಇಷ್ಟ್ ವರ್ಸ ನಿಮ್ ಮಗನ್ನ ಉಪಾಸ ಕೆಡವ್ದೆ. ಇಕ್ಬುಡಿ. ಉಣ್ಲಿ ಪಾಪ."

ಕುಸಿದು ಕೂತಳು. ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು, ನಾನು ಏಳಲಿಲ್ಲ. ರಾಚಮ್ಮ ಬಗ್ಗಿ ಶರಟನ್ನು ಎತ್ತಿಕೊಂಡಳು, ಮಡಿಕೆ ಬಿಡಿಸಿ ಮೂಸಿದಳು, ಮತ್ತೆ ಮಡಿಸಿದಳು. ಈಗ ಇಡುತ್ತಾಳೆ, ಇಷ್ಟು ವರ್ಷ ಇದಕ್ಕೇ ಕಾದಿದ್ದಳಲ್ಲ ಅಂದುಕೊಂಡೆ.

"ತಗಂಡೋಗಿ ಟ್ರಂಕಲ್ಲಿಕ್ಕು."

"ಅತ್ತೆ..."

"ಇಕ್ಕು ಅಂದೆ! ನಾನೇನ್ ನಿನ್ ಸ್ವಾಮೀನ ಕಂಡಿದ್ನಾ? ಮೊಕ ಗೊತ್ತಾ ನಂಗೆ? ನೀನ್ ದಿನಾ ಗ್ವಾಡೆ ಕಡೀಕ್ ತಿರಿಕ್ಕಂಡ್ ಕೇಳ್ತಿದ್ದೆ. ಕೇಳೋಳ್ ಒಬ್ಳು ಇರೋಗಂಟ ನನ್ ಮಗ ಬದ್ಕವ್ನೆ ಅಂದ್ಕಂಡು ನಾನ್ ಒಂದ್ ತುತ್ತು ನುಂಗ್ತಿದ್ದೆ ಕಣೇ! ಈಗ ನೀನೇ ಕೈ ಬುಟ್ರೆ ನಾನ್ ಯಾರ್ ಮ್ಯಾಲ್ ನಂಬ್ಕೆ ಇಕ್ಲಿ?"

ಸೊಸೆ ಅವಳ ಕಾಲು ತಬ್ಬಿಕೊಂಡಳು. ನಾನೂ ಅತ್ತುಬಿಟ್ಟೆ, ಹೇಳಲಿಕ್ಕೇನು.

ಆಮೇಲೆ ಧೂಪ ಹಾಕಿ ಬಾಗಿಲು ಮುಚ್ಚಿ ನಾಲ್ವರೂ ಜಗಲಿಗೆ ಬಂದೆವು. ರಾಚಮ್ಮ ಬಾಗಿಲಿಗೆ ಬಾಯಿಟ್ಟು ಒಳಗಿರುವ ದಾಸಯ್ಯನಿಗೆ ಹೇಳಿದಳು: "ಇಗಾ, ಕೇಳುಸ್ತಾ? ನಿನ್ ಪಕ್ದಾಗೆ ಮಗ ಕುಂತಿದ್ರೆ ನಿನ್ನೆಲೇಲೇ ಅವ್ನಿಗೂ ಉಣ್ಸು. ನಾನ್ ಮಾತ್ರ ಅವ್ನ ಎಸ್ರ್ ಇಡ್ದು ಕರ್ಯಾಕಿಲ್ಲ."

ಮಾರನೆಯ ಬೆಳಿಗ್ಗೆ ಅತ್ತೆ ಸೊಸೆ ಆಟೋ ಹತ್ತುವುದನ್ನು ಕಂಡು ತಡೆಯಲಾರದೆ ನಾನೂ ಹತ್ತಿದೆ. ಪ್ರಾರ್ಥನಾ ಮನೆಯ ಮುಂದೆ ಇಳಿದಾಗ ಪುಟ್ಟಲಕ್ಷ್ಮಿ ಅತ್ತೆಯ ಕೈ ಹಿಡಿದು ಒಳಗೆ ಕರೆದಳು.

"ನಾನ್ ಒಳೀಕ್ ಬರಾಕಿಲ್ಲ" ಅಂದಳು ರಾಚಮ್ಮ. ರಸ್ತೆ ದಾಟಿ ಹೊಂಗೆಮರದ ಕೆಳಗೆ, ಮಗ ಬೈಕು ನಿಲ್ಲಿಸುತ್ತಿದ್ದ ಕಡೆ, ಸೀರೆ ಮಡಚಿಕೊಂಡು ಕೂತಳು. "ಅವ್ನ್ ಕೂರ್ತಿದ್ದ ಜಾಗದಲ್ ಕುಂತಿರ್ತೀನಿ. ಎಷ್ಟೊತ್ತಾರ ಆಗ್ಲಿ. ಮದ್ಯದಲ್ ಎದ್ದ್ ಬರ್ಬ್ಯಾಡ, ಕಡೇದೂ ಮುಗ್ಸ್ಕಂಡ್ ಬಾ."

ಬಿಸಿಲು ಏರಿತು. ಮುದುಕಿ ರಸ್ತೆಯ ಕಡೆ ಮುಖ ಮಾಡಿಕೊಂಡು, ಬರುವ ಬಸ್ಸನ್ನೆಲ್ಲ ನೋಡುತ್ತಿದ್ದಳು. ಒಳಗೆ ಕೊನೆಯ ಪ್ರಾರ್ಥನೆ ಶುರುವಾದ ಸದ್ದು ಕೇಳಿತು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಯಾರೂ ಎದ್ದು ಬರಲಿಲ್ಲ.

ಸಿದ್ದರಾಜು ಅವತ್ತು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಆದರೆ ಆ ಭಾನುವಾರ ಪುಟ್ಟಲಕ್ಷ್ಮಿ ಎಲ್ಲರಿಗಿಂತ ಕೊನೆಯಲ್ಲಿ ಹೊರಗೆ ಬಂದಳು.