ಮೂವತ್ತೆಂಟು ವಾಕ್ಯಗಳು

ಬಸ್ ನಿಲ್ದಾಣದ ಎದುರಿನ ಲ್ಯಾಪ್‌ಟಾಪ್ ಅಂಗಡಿಯವನಿಗೆ ಗಿರಾಕಿಗಳು ಇಟ್ಟ ಹೆಸರು ‘ಸಾಕಪ್ಪ’. ಯಾರೇ ಬರಲಿ, ಇದರಲ್ಲಿ ಏನು ಮಾಡುತ್ತೀರಿ ಎಂದು ಮೊದಲು ಕೇಳುತ್ತಿದ್ದ. ಪತ್ರ ಬರೆಯುವುದು, ಸಿನಿಮಾ ನೋಡುವುದು ಎಂದರೆ ಅಗ್ಗದ್ದನ್ನು ಮುಂದಿಟ್ಟು ‘ಇದು ಸಾಕು’ ಎನ್ನುತ್ತಿದ್ದ. ದುಬಾರಿಯದೇ ಬೇಕೆಂದು ಹಟ ಹಿಡಿದವರನ್ನು ಪಕ್ಕದ ಅಂಗಡಿಗೆ ಕಳಿಸಿದ್ದೂ ಉಂಟು.

ಅವನನ್ನು ಬೆಳೆಸಿದವಳು ಅಕ್ಕ. ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಅವಳಿಗೆ ನಾಲಿಗೆಯ ಸ್ನಾಯುಗಳು ಸೊರಗುವ ಕಾಯಿಲೆ ಬಂತು. ಎರಡು ಮೂರು ತಿಂಗಳಲ್ಲಿ ಮಾತು ಪೂರ್ತಿ ನಿಲ್ಲುತ್ತದೆ ಎಂದರು ಡಾಕ್ಟರು. ಅಷ್ಟರೊಳಗೆ ಮುನ್ನೂರು ವಾಕ್ಯ ಓದಿ, ರೆಕಾರ್ಡ್ ಮಾಡಿ ಕಳಿಸಿದರೆ, ಮುಂದೆ ಅವಳು ಟೈಪ್ ಮಾಡಿದ್ದನ್ನೆಲ್ಲ ಅವಳದೇ ದನಿಯಲ್ಲಿ ನುಡಿಯುವ ತಂತ್ರಾಂಶವನ್ನು ಒಂದು ಪ್ರಯೋಗಾಲಯ ಮಾಡಿಕೊಡುತ್ತಿತ್ತು. ವಾಕ್ಯಗಳನ್ನೂ ಅವರೇ ಕೊಟ್ಟಿದ್ದರು: ಭಾಷೆಯ ಎಲ್ಲ ಸದ್ದುಗಳೂ ಬರಲೆಂದು ಹೊಸೆದ, ತಲೆಬುಡವಿಲ್ಲದ ವಾಕ್ಯಗಳು.

ಅಕ್ಕನ ಬಳಿ ಇದ್ದದ್ದು ಅವನೇ ಕೊಟ್ಟ, ಒಳಗೆ ತಂಪು ಮಾಡುವ ಫ್ಯಾನಿಲ್ಲದ ಅಗ್ಗದ ಲ್ಯಾಪ್‌ಟಾಪ್. ಒಂದೊಂದು ವಾಕ್ಯಕ್ಕೂ ಅದು ನಿಮಿಷಗಟ್ಟಲೆ ತಡವರಿಸುತ್ತಿತ್ತು. ಅಕ್ಕ ಕಾದು ಕಾದು ದಣಿಯುತ್ತಿದ್ದಳು. ಮೂವತ್ತೆಂಟು ವಾಕ್ಯಕ್ಕೆ ಒಂದು ವಾರ ಹೋಯಿತು. ಅವನಿಗೆ ತಡೆಯಲಾಗಲಿಲ್ಲ. ಅಂಗಡಿಯ ಅತಿ ಬಲವಾದ ಲ್ಯಾಪ್‌ಟಾಪನ್ನೇ ಹೊತ್ತು ತಂದ.

“ಊರಿಗೆಲ್ಲ ಅಗ್ಗದ್ದೇ ಸಾಕು ಅಂತೀಯ. ನನಗ್ಯಾಕೋ ಈ ಆನೆ?” ಒಂದೊಂದೇ ಪದ ಬಿಡಿಸಿ ಕೇಳಿದಳು ಅಕ್ಕ.

“ನಿನ್ನ ಕೆಲಸಕ್ಕೆ ಅದು ಸಾಲೋದಿಲ್ಲ ಕಣೇ. ಸುಮ್ನೆ ಓದು.”

ಆನೆ ತಡವರಿಸಲಿಲ್ಲ. ಉಳಿದ ಇನ್ನೂರ ಅರವತ್ತೆರಡು ವಾಕ್ಯ ಹತ್ತೊಂಬತ್ತು ದಿನದಲ್ಲಿ ಮುಗಿದವು. ಕೊನೆಕೊನೆಯವನ್ನು ಅಕ್ಕ ಆರಾರು ಸಲ ಓದಬೇಕಾಯಿತು. ಅವನು ಪ್ರತಿಯೊಂದನ್ನೂ ಅಂಗಡಿಯಲ್ಲಿ ಕೂತು ಕೇಳಿ, ಸರಿಯಿದೆ ಎಂದು ಗುರುತು ಹಾಕಿ ಕಳಿಸಿದ.

ಏಳು ವಾರದ ಮೇಲೆ ಉತ್ತರ ಬಂತು. ಮೂವತ್ತೊಂಬತ್ತನೆಯ ವಾಕ್ಯದಿಂದ ಮುಂದಕ್ಕೆ ದನಿಯ ಅಡಿಯಲ್ಲಿ ಲ್ಯಾಪ್‌ಟಾಪಿನ ಫ್ಯಾನಿನ ಸದ್ದಿದೆ, ಬಳಸಲಾಗದು, ಮತ್ತೊಮ್ಮೆ ಓದಿಸಿ ಎಂದು ಬರೆದಿದ್ದರು. ಅಷ್ಟರಲ್ಲಿ ಅಕ್ಕನ ಮಾತು ನಿಂತು ಹನ್ನೆರಡು ದಿನವಾಗಿತ್ತು.

ಅವನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಹೆಡ್‌ಫೋನಿನಲ್ಲಿ ಕೇಳಿದ. ಪಕ್ಕದಲ್ಲೇ ಹಿಟ್ಟಿನ ಗಿರಣಿ ಓಡಿದ ಹಾಗಿತ್ತು. ಅಂಗಡಿಯಲ್ಲಿ ಇಪ್ಪತ್ತು ವರ್ಷ ಫ್ಯಾನು ಗುಂಯ್‌ಗುಡುವ ಲ್ಯಾಪ್‌ಟಾಪುಗಳ ನಡುವೆ ಕೂತ ಅವನ ಕಿವಿ ಅಲ್ಲಿ ಆ ಒಂದು ಸದ್ದನ್ನು ಕೇಳುವುದನ್ನೇ ಬಿಟ್ಟಿತ್ತು.

ಅಕ್ಕ ಅವನನ್ನು ಬೈದು ಏನನ್ನೂ ಬರೆಯಲಿಲ್ಲ. ಹಳೆಯ ಲ್ಯಾಪ್‌ಟಾಪನ್ನು ಮತ್ತೆ ಮೇಜಿನ ಮೇಲೆ ಇಡಿಸಿಕೊಂಡಳು. ಅದರಲ್ಲಿ ಆ ಮೂವತ್ತೆಂಟು ವಾಕ್ಯ ಹಾಗೇ ಇವೆ. ಅವನನ್ನು ಕರೆಯುವ ಮಾತು ಅವುಗಳಲ್ಲಿಲ್ಲ. ಸಂಜೆ ಅವನು ಒಳಗೆ ಕಾಲಿಟ್ಟೊಡನೆ ಅವಳು ಒಂದನ್ನು ಒತ್ತುತ್ತಾಳೆ.

“ಏಳನೆಯ ಒಂಟೆ ಇನ್ನೂ ಊಟ ಮಾಡಿಲ್ಲ,” ಎನ್ನುತ್ತದೆ ಅಕ್ಕನ ದನಿ, ತರಗತಿಯಲ್ಲಿ ಓದಿದಷ್ಟು ಸ್ಪಷ್ಟವಾಗಿ.

ಅವನು ಕೈ ತೊಳೆದು ತಟ್ಟೆಯ ಮುಂದೆ ಕೂರುತ್ತಾನೆ.