ಬೇಯದ ಶಾವಿಗೆ

ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ಮೊನ್ನೆ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ನಮ್ಮ ಜಗುಲಿಗೆ ಬಂದರು. ಈಚೆಗೆ ಅವರಿಗೆ ಮೀನು ಹಿಡಿಯುವ ಹುಚ್ಚು ಹತ್ತಿದೆ. ಮುಚ್ಚಳ ತೆಗೆದರೆ ಒಳಗೆ ಮೆತ್ತನೆಯ ಸ್ಪಂಜು, ಸ್ಪಂಜಿನಲ್ಲಿ ಸಾಲಾಗಿ ಸೀಳು, ಒಂದೊಂದು ಸೀಳಿಗೂ ಒಂದೊಂದು ನೈಲಾನ್ ಎಳೆ. "ನೋಡಿ ಅಮ್ಮಾ, ಇಷ್ಟು ಎಳೆ ಇವೆ, ಒಂದಕ್ಕೊಂದು ಸಿಕ್ಕಾಗೋದೇ ಇಲ್ಲ," ಎಂದರು. ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅವರು ಡಬ್ಬಿ ಮುಚ್ಚಿಕೊಂಡು ಮುಖ ಸಪ್ಪಗೆ ಮಾಡಿಕೊಂಡು ಹೊರಟಿದ್ದರು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಅವಸರವಿಲ್ಲ ತಾನೆ?

ನನ್ನ ತವರು ಹರಿಹರ. ಅಪ್ಪಾಜಿ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ವಾರದಲ್ಲಿ ಆರು ದಿನ ಅವರಷ್ಟು ಅಚ್ಚುಕಟ್ಟಿನ ಮನುಷ್ಯ ಊರಲ್ಲಿರಲಿಲ್ಲ. ಭಾನುವಾರ ಮಾತ್ರ ತುಂಗಭದ್ರೆಯ ದಂಡೆಯಲ್ಲಿ ಕೂತು, ತೊಡೆಯ ಮೇಲೆ ಗಾಳದ ದಾರದ ಒಂದು ಗೋಜಲು ಹಾಕಿಕೊಂಡು, ಅದನ್ನು ಬಿಡಿಸುತ್ತಲೇ ಮಧ್ಯಾಹ್ನ ಮಾಡುತ್ತಿದ್ದರು. ಬಿಡಿಸಿ ಮುಗಿಯುವ ಹೊತ್ತಿಗೆ ಊಟದ ಹೊತ್ತು. ಬರಿಗೈಯಲ್ಲಿ ಮನೆಗೆ ಬರುವರು. "ಇವರು ಹೋದ್ರೆ ಮೀನು ಹೆದ್ರಲ್ಲ, ಮಕ್ಳುಮರೀನ ಕರ್ಕಂಡು ನೋಡಾಕೆ ಬರ್ತಾವೆ," ಎಂದು ಅವ್ವ ತಟ್ಟೆ ಇಡುತ್ತಿದ್ದಳು.

ಈ ವಿದ್ಯೆ ಗೊತ್ತಿಲ್ಲದವರಿಗೆ ಒಂದು ಮಾತು. ಗಾಳದ ಉದ್ದನೆಯ ದಾರ ದಪ್ಪ. ಅದರ ತುದಿಗೇ ಗಾಳ ಕಟ್ಟಿದರೆ ಮೀನಿಗೆ ಕಂಡುಬಿಡುತ್ತದೆ. ಆದ್ದರಿಂದ ದಾರಕ್ಕೂ ಗಾಳಕ್ಕೂ ನಡುವೆ ಎರಡು ಮೊಳದ ಒಂದು ಸಣ್ಣ ಎಳೆ ಬೇಕು. ಇದು ಅರವತ್ತರ ಆಸುಪಾಸಿನ ಮಾತು. ನಮ್ಮ ಕಡೆಗೆ ನೈಲಾನ್ ಆಗಷ್ಟೇ ಬಂದಿತ್ತು. ದಾವಣಗೆರೆಯ ಮಂಡಿಪೇಟೆಯಲ್ಲಿ ಗುಂಡಿ, ದಾರ ಮಾರುತ್ತಿದ್ದ ಖಾದರ್ ಸಾಬರು ಎಲ್ಲಿಂದಲೋ ಒಂದು ಉಂಡೆ ತರಿಸಿಕೊಟ್ಟಿದ್ದರು. ಅಪ್ಪಾಜಿ ಅದನ್ನು ಅಳೆದು ಕತ್ತರಿಸಿ ಇಟ್ಟುಕೊಂಡರು. ಆದರೆ ಆ ಎಳೆಗಳು ಇಟ್ಟ ಹಾಗೆ ಇದ್ದರೆ ತಾನೆ? ಬಿಡಿಬಿಡಿಯಾಗಿ ಇಟ್ಟು ಆಫೀಸಿಗೆ ಹೋದರೆ, ಸಂಜೆ ಬರುವಷ್ಟರಲ್ಲಿ ಎಲ್ಲವೂ ಒಂದರ ಕೊರಳಿಗೊಂದು ಬಿದ್ದಿರುತ್ತಿದ್ದವು.

ಮೊದಲು ಬಾಟಲಿಗೆ ಸುತ್ತಿದರು. ಸಿಕ್ಕಾಗಲಿಲ್ಲ, ನಿಜ, ಆದರೆ ಬಿಚ್ಚಿದ ಮೇಲೂ ಬಾಟಲಿಯನ್ನು ಮರೆಯದೆ ನೀರಿನಲ್ಲಿ ಸುರುಳಿಯಾಗಿಯೇ ಕೂತವು. ಆಮೇಲೆ ರೈಲ್ವೆ ಟೈಂಟೇಬಲ್ಲಿನ ಹಾಳೆಗೊಂದರಂತೆ ಇಟ್ಟರು. ಅವ್ವ ಪುಸ್ತಕ ಕೊಡವಿ ಧೂಳು ತೆಗೆದಳು. ಆಮೇಲೆ ಅವ್ವನ ಬಾಚಣಿಗೆಯ ಹಲ್ಲುಗಳ ಸಂದಿಗೆ ಸಿಕ್ಕಿಸಿಟ್ಟರು. ಅದರ ವಿಚಾರ ನಮ್ಮ ಮನೆತನದಲ್ಲಿ ಇವತ್ತಿಗೂ ಯಾರೂ ಎತ್ತುವುದಿಲ್ಲ.

ಬೇಸಿಗೆ ಬಂತು. ಅವ್ವ ಮಾಳಿಗೆಯ ಮೇಲೆ ಎರಡು ಕುರ್ಚಿಗಳ ನಡುವೆ ಕೋಲು ಇಟ್ಟು, ಹೊಸೆದ ಶಾವಿಗೆಯನ್ನು ಒಣಗಲು ಇಳಿಬಿಟ್ಟಿದ್ದಳು. ಅಪ್ಪಾಜಿ ಅದರ ಮುಂದೆ ನಿಂತವರು ಅಲ್ಲಾಡಲಿಲ್ಲ. "ಇಲ್ಲಿ ನೋಡಬೇ," ಎಂದು ನನ್ನನ್ನು ಕರೆದರು. "ಇಷ್ಟು ಎಳೆ ಐತೆ. ಒಂದಾದ್ರೂ ಸಿಕ್ಕಾಗೈತೇನು?"

ಆವತ್ತೇ ಅದರ ಪಕ್ಕದಲ್ಲಿ ಅಪ್ಪಾಜಿಯದೂ ಒಂದು ಕೋಲು ಬಂತು. ನೈಲಾನ್ ಎಳೆಗಳನ್ನು ಗಾಳವಿಲ್ಲದೆ, ಬರೀ ಎಳೆಗಳನ್ನಷ್ಟೇ, ಶಾವಿಗೆಯ ಹಾಗೆ ಅದರ ಮೇಲೆ ಇಳಿಬಿಟ್ಟರು. ಹೊಳಪು ಹೆಚ್ಚಾಯಿತು, ಮೀನಿಗೆ ಅನುಮಾನ ಬರುತ್ತದೆ ಎಂದು ಟೀ ಡಿಕಾಕ್ಷನ್ನಿನಲ್ಲಿ ಅದ್ದಿದರು. ಅದ್ದಿ ಒಣಗಿಸಿದ ಮೇಲೆ ಅವುಗಳಿಗೆ ಬಂದ ಬಣ್ಣವಿದೆಯಲ್ಲ, ಅದು ಗೋಧಿ ಶಾವಿಗೆಯ ಬಣ್ಣವೇ. ಹಾಗಂತ ಆಗ ಯಾರಿಗೂ ಹೊಳೆಯಲಿಲ್ಲ.

ಇನ್ನು ನನ್ನ ವಿಚಾರ. ನನಗೆ ಆಗ ಇಪ್ಪತ್ತೊಂದು. ನನ್ನನ್ನು ನೋಡಿ ಹೋದ ಎರಡು ಕಡೆಯವರು ಮತ್ತೆ ಸುದ್ದಿ ಕಳಿಸಿರಲಿಲ್ಲ. ಮೂರನೆಯದಾಗಿ ಬಂದ ಸಂಬಂಧದ ಹುಡುಗ ದಾವಣಗೆರೆಯ ಒಂದು ಮಿಲ್ಲಿನ ನೂಲುವ ಖಾತೆಯಲ್ಲಿ ಕೆಲಸಕ್ಕಿದ್ದರು. ಅವರನ್ನು ನಾನು ಒಂದು ಮದುವೆಯಲ್ಲಿ ನೋಡಿದ್ದೆ. ಪಂಕ್ತಿಯಲ್ಲಿ ಬಡಿಸುತ್ತ ತಮ್ಮ ಪಂಚೆಯ ಮೇಲೆಯೇ ಸಾರು ಸುರಿದುಕೊಂಡು, ಯಾರ ಮೇಲೂ ರೇಗದೆ ತಾವೇ ನಕ್ಕಿದ್ದರು. ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ: ನನಗೆ ಆ ಹುಡುಗನೇ ಬೇಕಾಗಿತ್ತು. ಆದರೆ ಒಪ್ಪಬೇಕಾದವರು ತಾಯಿಯಿಲ್ಲದ ಅವರನ್ನು ಸಾಕಿದ ಕುಕ್ಕುವಾಡದ ದೊಡ್ಡವ್ವ. ಆಕೆ ಹೆಣ್ಣಿನ ಮುಖ ನೋಡುವ ಮೊದಲು ಹೆಣ್ಣು ಹೊಸೆದ ಶಾವಿಗೆ ನೋಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ನನ್ನ ಶಾವಿಗೆಯನ್ನು ನೋಡಿದರೆ ಬಾವಿಯಿಂದ ನೀರು ಸೇದಬಹುದು ಎನಿಸುತ್ತಿತ್ತು. ಅವ್ವ ಮೂರು ದಿನ ನನ್ನನ್ನು ಮಣೆಯ ಮುಂದೆ ಕೂರಿಸಿ ಹೊಸೆಸಿದಳು. ಮೊದಲ ದಿನದ್ದಕ್ಕಿಂತ ಮೂರನೆಯ ದಿನದ್ದು ದಪ್ಪವಾಯಿತು.

ಹುಡುಗನನ್ನು ಕರೆದುಕೊಂಡು ಬಂದ ದಿನ ದೊಡ್ಡವ್ವ ನೀರು ಕುಡಿದು ಲೋಟ ಕೆಳಗಿಟ್ಟವರೇ, "ಶಾವಿಗೆ ಎಲ್ಲಿ ಹಾಕೀರಿ?" ಎಂದು ಮಾಳಿಗೆ ಹತ್ತಿಯೇಬಿಟ್ಟರು. ಹಿಂದೆ ಅವ್ವ, ಅವ್ವನ ಹಿಂದೆ ಅಪ್ಪಾಜಿ, ಕೊನೆಗೆ ನಾನು. ದೊಡ್ಡವ್ವನಿಗೆ ಹತ್ತಿರದ್ದು ಅಷ್ಟಾಗಿ ಕಾಣುತ್ತಿರಲಿಲ್ಲ. ಆದರೂ ನನ್ನ ಕೋಲು ಕಾಣದಿರುವಂಥದ್ದಲ್ಲ.

"ಇದು ಯಾರು ಹೊಸೆದಿದ್ದು?"

"ನಂದು ರೀ," ಎಂದರು ಅಪ್ಪಾಜಿ.

ಹಿಟ್ಟು ಹೇಗಿರುತ್ತದೆಂದು ಮುಟ್ಟಿ ನೋಡದ ಮನುಷ್ಯ! ದೊಡ್ಡವ್ವ ಅವರನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿ, ಪಕ್ಕದ ಕೋಲಿಗೆ ಹೋದರು. ಒಂದು ಎಳೆ ಹಿಡಿದರು. ಬಗ್ಗಿಸಿದರು. ಗಂಟು ಹಾಕಿ ಎಳೆದರು.

"ಅಯ್ಯ ಶಿವನೇ, ಮುರಿತಾನೇ ಇಲ್ಲ! ಇಷ್ಟು ಸಣ್ಣ ಎಳೆ ನಮ್ಮೂರಾಗೇ ಇಲ್ಲ. ಇದು ಹುಡುಗೀದೇನ್ರಿ?"

"ಹೂಂ ರೀ," ಎಂದುಬಿಟ್ಟಳು ಅವ್ವ.

ಅವ್ವನನ್ನು ನಾನು ದೂರುವುದಿಲ್ಲ. ಮಗಳ ಮೂರನೆಯ ಸಂಬಂಧ ಕಣ್ಣೆದುರಿಗೆ ಮಾಳಿಗೆ ಇಳಿದು ಹೋಗುವ ಹಾಗಿದ್ದಾಗ ನೀವಾದರೂ ಏನೆನ್ನುತ್ತಿದ್ದಿರಿ? ಅಡುಗೆಮನೆಗೆ ಹೋಗಿ ತನ್ನ ಡಬ್ಬಿಯ ಶಾವಿಗೆ ಹಾಕಿದರಾಯಿತು ಎಂದು ಅವಳ ಲೆಕ್ಕ. ಆದರೆ ದೊಡ್ಡವ್ವ ತಾವೇ ಒಂದು ಹಿಡಿ ಎಳೆ ಕಿತ್ತುಕೊಂಡು, ಅಡುಗೆಮನೆಗೆ ಬಂದು ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತರು.

ನೀರು ಕುದಿಯಿತು. ಎಳೆ ಹಾಕಿದ್ದಾಯಿತು. ಸ್ವಲ್ಪ ಹೊತ್ತಿಗೆ ಅವ್ವ ಒಂದನ್ನು ಎತ್ತಿ ಬೆರಳಲ್ಲಿ ಹಿಸುಕಿ ಮತ್ತೆ ಬಿಟ್ಟಳು. ಇನ್ನೊಂದು ಚೊಂಬು ನೀರು ಹಾಕಿದಳು. ಸೌದೆ ತುರುಕಿದಳು. ಮತ್ತೊಂದು ಚೊಂಬು.

"ಹಳೇ ಗೋಧಿ ಇರಬೇಕು," ಎಂದರು ದೊಡ್ಡವ್ವ. "ಗೋಧಿ ಗಟ್ಟಿ ಇದ್ರೆ ಹಿಂಗೇ. ಕುದೀಲಿ ಬಿಡ್ರಿ."

ಅಪ್ಪಾಜಿ ಬಾಗಿಲಲ್ಲಿ ಇಣುಕಿದರು. "ಭಾಳ ಕುದಿಸಬ್ಯಾಡ್ರಿ, ಜೀವ ಹೋಗ್ತೈತೆ," ಎಂದರು. ಯಾರ ಜೀವ ಎಂದು ಹೇಳಲಿಲ್ಲ.

ಕೊನೆಗೆ ಅವ್ವ ಬಸಿದು, ಬಿಸಿ ಹಾಲು, ಸಕ್ಕರೆ, ತುಪ್ಪ ಹಾಕಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಹುಡುಗನ ಮುಂದೆ ಇಟ್ಟೆ. ಅವರು ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಅಗಿದರು. ಎಡಗಡೆ ಅಗಿದರು, ಬಲಗಡೆ ಅಗಿದರು. ಹಣೆಯ ಮೇಲೆ ಬೆವರು ಬಂತು. ಅಗಿಯುತ್ತಲೇ ನನ್ನನ್ನು ನೋಡಿ, ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿದರು.

ಹೇಳಿದರೆ ಈ ಹುಡುಗ ಕೈತಪ್ಪುತ್ತಾರೆ. ಹೇಳದಿದ್ದರೆ ನುಂಗುತ್ತಾರೆ. ಅವರ ಗಂಟಲಮಣಿ ಮೇಲೇರುವುದು ಕಂಡಿತು ನೋಡಿ, ಕೂಗಿಬಿಟ್ಟೆ.

"ನುಂಗಬ್ಯಾಡ್ರಿ! ಅದು ಮೀನು ಹಿಡಿಯೋ ದಾರ!"

ಅವರು ಬಾಯಿಂದ ಎಳೆಯ ತುದಿ ಹಿಡಿದು ಎಳೆದರು. ಎಳೆದರು, ಎಳೆದರು, ಎರಡು ಮೊಳವಲ್ಲವೇ, ಬಂದೇ ಬಂತು. ಪೂರ್ತಿ ಬಂದ ಮೇಲೆ ಬೆಳಕಿಗೆ ಹಿಡಿದು, ಹೆಬ್ಬೆರಳಲ್ಲಿ ಉಜ್ಜಿ, ಅಪ್ಪಾಜಿಯನ್ನು ಕೇಳಿದರು: "ಎಷ್ಟನೇ ನಂಬರಿನ ನೂಲು ರೀ ಇದು?"

ದೊಡ್ಡವ್ವನ ಕಣ್ಣು ಮಾತ್ರ ನನ್ನ ಮೇಲೆಯೇ ಇತ್ತು. "ಹಂಗಾದ್ರೆ ಆ ಹಗ್ಗದಂಥದ್ದು?"

"ಅದು ನಂದು ರೀ."

"ಮತ್ತೆ ನಿಮ್ಮಪ್ಪ ತಮ್ದು ಅಂದ್ರು?"

"ಸುಳ್ಳು ಹೇಳಿದ್ರು."

"ತಗಂಬಾ. ಅದನ್ನೇ ಕುದಿಸು."

ತಂದೆ. ಕುದಿಸಿದೆ. ನಾನು ತಿರುಗಿ ನೋಡುವಷ್ಟರಲ್ಲಿ ಬೆಂದು, ಅರ್ಧ ಮುದ್ದೆಯೇ ಆಗಿತ್ತು. ದೊಡ್ಡವ್ವ ಒಂದು ತುತ್ತು ತಿಂದರು, ಇನ್ನೊಂದು ತಿಂದರು. "ರೂಪ ಇಲ್ಲ," ಎಂದರು. "ಆದ್ರೆ ಬೇಯ್ತೈತೆ. ಸಾಕು." ಆಮೇಲೆ ಅವ್ವನ ಕಡೆ ತಿರುಗಿ, ಲಗ್ನ ಯಾವಾಗ ಇಟ್ಟುಕೊಳ್ಳೋಣ ಎಂದು ಕೇಳಿದರು.

ಅಪ್ಪಾಜಿ ಆ ಸಂಭ್ರಮದಲ್ಲಿ ಇರಲಿಲ್ಲ. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಎಳೆಗಳಿಗೆ ಅಂಟಿದ ಹಾಲು, ತುಪ್ಪ ತೊಳೆಯುತ್ತಿದ್ದರು. ತೊಳೆದು ಎತ್ತಿದರೆ, ಕುದಿದ ಎಳೆಗಳಲ್ಲಿ ಹಳೆಯ ಸುರುಳಿಯೇ ಇಲ್ಲ, ನೆಟ್ಟಗೆ ಇಳಿಬಿದ್ದಿವೆ! ಆವತ್ತಿನಿಂದ ಅವರು ಎಳೆಗಳನ್ನು ಬಿಸಿನೀರಿಗೆ ಹಾಕದೆ ಕೋಲಿಗೆ ಹಾಕಲಿಲ್ಲ. ಮುಂದಿನ ಭಾನುವಾರ ಒಂದು ಮೀನು ಸಿಕ್ಕಿತು. ಅದು ಸ್ವಲ್ಪ ಸಿಹಿಯಾಗಿದೆ ಎಂದು ಅವ್ವ ಸಾಧಿಸಿದಳು.

ನಾನು ಮಾತ್ರ ಇಷ್ಟು ವರ್ಷ ಈ ಕಥೆಯನ್ನು ಮಕ್ಕಳಿಗೆ, ಸೊಸೆಯರಿಗೆ ಹೇಳುವಾಗೆಲ್ಲ ಸ್ವಲ್ಪ ಬೀಗಿಕೊಂಡೇ ಹೇಳಿದ್ದೇನೆ. ನಾನು ಧೈರ್ಯ ಮಾಡಿ ನಿಜ ಹೇಳಿದೆ, ಅದಕ್ಕೇ ಈ ಸಂಸಾರ ಆಯಿತು, ನಿಮ್ಮಪ್ಪನ ಹೊಟ್ಟೆ ಉಳಿಯಿತು ಎಂದು. ಮೊನ್ನೆ ನೆರೆಯವರು ಮುನಿಸಿಕೊಂಡು ಹೋದ ಮೇಲೆ ಒಳಗೆ ಬಂದು ನೋಡಿದರೆ, ಇವರು ಕಿಟಕಿ ಹತ್ತಿರ ಪೇಪರ್ ಓದುತ್ತ ಕೂತಿದ್ದರು. ಯಾಕೋ ಎಂದೂ ಕೇಳದ ಒಂದು ಮಾತು ಬಾಯಿಗೆ ಬಂತು.

"ಏನ್ರೀ, ಅವತ್ತು ಬಾಯಾಗೆ ಹಾಕ್ಕಂಡಾಗ ನಿಮಗೆ ಗೊತ್ತೇ ಆಗ್ಲಿಲ್ವಾ?"

"ಗೊತ್ತಾತು," ಎಂದರು, ಪೇಪರಿನಿಂದ ತಲೆ ಎತ್ತದೆ. "ದಿನಾ ನೂಲು ಹಿಡಿಯೋನು ನಾನು. ನಾಲಿಗೆಗೆ ತಾಗಿದ ಕೂಡ್ಲೇ ಗೊತ್ತಾತು."

"ಮತ್ತೆ ನಾನು ಹೇಳದೇ ಇದ್ದಿದ್ರೆ?"

"ನುಂಗ್ತಿದ್ದೆ." ಹಾಳೆ ಮಗುಚಿದರು. "ನಾನೇನು ಶಾವಿಗೆ ನೋಡಾಕೆ ಬಂದಿದ್ನಾ?"