ಪೇಢೆಯೂ ಜಿಲೇಬಿಯೂ

ಮೊನ್ನೆ ಸಂಜೆ ಎದುರು ಮನೆಯಾಕೆ ಒಂದು ಮಿಠಾಯಿ ಡಬ್ಬಿ ತಂದು ಕೈಗಿತ್ತಳು. ಮುಚ್ಚಳ ತೆಗೆದರೆ ಒಂದು ಬದಿಗೆ ಪೇಢೆ, ಇನ್ನೊಂದು ಬದಿಗೆ ಜಿಲೇಬಿ. ಜಿಲೇಬಿಯ ಪಾಕ ಹರಿದು ಪೇಢೆಗಳ ತಳ ಒದ್ದೆಯಾಗಿತ್ತು. ನಮ್ಮ ನಿಪ್ಪಾಣಿ ಕಡೆ ಇದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗಂಡು ಹುಟ್ಟಿದರೆ ಪೇಢೆ ಹಂಚುತ್ತಾರೆ, ಹೆಣ್ಣು ಹುಟ್ಟಿದರೆ ಜಿಲೇಬಿ. ಎರಡೂ ಬಂದವೆಂದರೆ ಅವಳಿ. ಆಕೆಯ ಮಗಳು ಹಡೆದಿದ್ದಳು. ಸಂತೋಷಪಡಬೇಕಾದ ನಾನು ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮ ಓಣಿಯಲ್ಲಿ ಹೀಗೆ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಹಂಚಿದವನು ಹಿಂದೆ ಒಬ್ಬನೇ ಇದ್ದ. ಅವನಿಗೆ ಮದುವೆಯೇ ಆಗಿರಲಿಲ್ಲ...

ಅವನನ್ನು ನಾವೆಲ್ಲ ಪಾವಣಾ ಎನ್ನುತ್ತಿದ್ದೆವು. ಪಾವಣಾ ಎಂದರೆ ಮನೆಗೆ ಬಂದ ನೆಂಟ. ಹಿತ್ತಿಲ ಖೋಲಿಗೆ ಬಾಡಿಗೆಗೆ ಬಂದ ಸುಡಾನ್ ದೇಶದ ಹುಡುಗನ ಹೆಸರು ನಮ್ಮ ಅತ್ತೆಯ ನಾಲಿಗೆಗೆ ಹೊರಳಲಿಲ್ಲ. ಎರಡು ಸಲ ಪ್ರಯತ್ನಪಟ್ಟು, ‘ಪಾವಣಾ’ ಎಂದು ಕರೆದು ವಿಷಯ ಮುಗಿಸಿದರು. ಇಲ್ಲಿಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಲು ಬಂದಿದ್ದ. ನಮ್ಮ ಬಾಗಿಲುಗಳು ಅವನ ಎತ್ತರಕ್ಕೆ ಮಾಡಿದವಲ್ಲ. ಬಂದ ವಾರದಲ್ಲೇ ಹಣೆಯ ಮೇಲೆ ಬುಗುಟೆ ಎದ್ದಿತ್ತು.

ಬಂದ ದಿನ ಸಂಜೆ ಅತ್ತೆ ಎಂದಿನಂತೆ ದನದ ಕೊಟ್ಟಿಗೆಯ ಮುಂದೆ ಸೊಳ್ಳೆ ಓಡಿಸಲು ಕುಳ್ಳಿನ ಹೊಗೆ ಹಾಕಿದ್ದರು. ಪಾವಣಾ ಖೋಲಿಯಿಂದ ಹೊರಬಂದು ಆ ಹೊಗೆಯ ನಡುವೆಯೇ ಕಣ್ಣು ಮುಚ್ಚಿ ನಿಂತ. ಉಸಿರುಗಟ್ಟಿತೇನೋ ಎಂದು ನಾನು ನೀರಿನ ತಂಬಿಗೆ ಹಿಡಿದು ಓಡಿದೆ. ಅವನು ನಗುತ್ತಿದ್ದ. ಅವನ ಊರಿನಲ್ಲೂ ಸಂಜೆಯಾದರೆ ದನಗಳ ನಡುವೆ ಒಣಸಗಣಿ ಸುಡುತ್ತಾರಂತೆ. ಅದರ ಬೂದಿಯನ್ನು ದನಗಳ ಮೈಗೆ ಉಜ್ಜುತ್ತಾರಂತೆ, ತಾವೂ ಹಚ್ಚಿಕೊಳ್ಳುತ್ತಾರಂತೆ. ಅದನ್ನು ಕೇಳಿದ್ದೇ ತಡ, ನಮ್ಮ ಮಾವನವರು ಅವನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಚಿಂಚಲಿ ಜಾತ್ರೆಯಿಂದ ತಂದಿದ್ದ ಖಿಲಾರಿ ಎತ್ತುಗಳ ಜೋಡಿಯನ್ನು ತೋರಿಸಿದರು. ಅಂದಿನಿಂದ ಖೋಲಿ ಅವನಿಗೆ ಮಲಗಲಿಕ್ಕೆ ಮಾತ್ರ. ಉಳಿದ ಹೊತ್ತೆಲ್ಲ ಕೊಟ್ಟಿಗೆ ಅಥವಾ ನಮ್ಮ ಪಡಸಾಲೆ.

ನಾನೋ, ಪ್ರಶ್ನೆ ಕೇಳುವುದರಲ್ಲಿ ಹೆಸರು ಮಾಡಿದವಳು. ತವರು ದಿಗ್ಗೇವಾಡಿಯ ಶಾಲೆಯಲ್ಲಿ ಮಾಸ್ತರರು ನಾನು ಕೈ ಎತ್ತಿದರೆ ಗಡಿಯಾರ ನೋಡುತ್ತಿದ್ದರು. ಆಫ್ರಿಕಾ ಎಂದರೆ ನನಗೆ ಪುಸ್ತಕದಲ್ಲಿ ಕಂಡ ಒಂದು ಕಂದು ಬಣ್ಣದ ನಕಾಶೆ, ಅಷ್ಟೆ. ಈಗ ಅಲ್ಲಿಯ ಮನುಷ್ಯನೇ ನಮ್ಮ ಪಡಸಾಲೆಯಲ್ಲಿ ಕುಳಿತು ರೊಟ್ಟಿ ಮುರಿಯುತ್ತಿದ್ದರೆ ಸುಮ್ಮನಿರುವುದು ಹೇಗೆ? ನಿಮ್ಮಲ್ಲಿ ಚುನಾವಣೆ ಹೇಗೆ, ಮದುವೆಗೆ ಎಷ್ಟು ದನ ಕೊಡಬೇಕು, ಮಳೆಗಾಲದಲ್ಲಿ ಏನು ಉಣ್ಣುತ್ತೀರಿ... ಅತ್ತೆ ಒಳಗಿನಿಂದ ‘ಎಷ್ಟ ತಲಿ ತಿಂತೀ ಬೇ, ಉಣ್ಣಾಕರ ಬಿಡು ಅವಂಗ’ ಎಂದು ಗದರುತ್ತಿದ್ದರು. ಅವನು ನಕ್ಕು, ಹಿಂದಿ, ಮರಾಠಿ, ಕನ್ನಡ ಮೂರನ್ನೂ ಕಲಸಿ ಉತ್ತರ ಹೇಳುತ್ತಿದ್ದ. ಒಂದೇ ವರ್ಷದಲ್ಲಿ ನನ್ನನ್ನು ವೈನಿ, ಅಂದರೆ ಅತ್ತಿಗೆ, ಅತ್ತೆಯನ್ನು ಆಯಿ, ಮಾವನವರನ್ನು ಕಾಕಾ ಎನ್ನತೊಡಗಿದ್ದ.

ಮಾವನವರು ದಿನಾ ಹಣೆಗೆ ಅಗಲವಾಗಿ ಮೂರು ಎಳೆ ವಿಭೂತಿ ಹಚ್ಚುತ್ತಿದ್ದರು. ಒಂದು ದಿನ ಅವನು ಅದನ್ನೇ ದಿಟ್ಟಿಸಿ, ತನ್ನ ತಂದೆಯ ಹಣೆಯ ಮೇಲೂ ಗೆರೆಗಳಿವೆ ಎಂದ. ಅವು ಹುಡುಗ ದೊಡ್ಡವನಾದ ಮೇಲೆ ಕುಲದ ಗುರುತಾಗಿ ಚಾಕುವಿನಿಂದ ಕೊಯ್ದು ಮಾಡಿದವು.

‘ನಿಮ್ಮದು ತೊಳದ್ರ ಹೋಗ್ತೈತ್ರಿ ಕಾಕಾ. ನಮ್ಮಪ್ಪಂದು ಹೋಗೂದಿಲ್ಲ. ನನಗ ಹಾಕಲೇ ಇಲ್ಲ. ನನ್ನ ಹಣಿ ನೋಡಿದ್ರ ನಾ ಯಾರಾಂವ ಅಂತ ಯಾರಿಗೂ ತಿಳಿಯೂದಿಲ್ರಿ.’

ಅವನ ಸಂಕಟ ಅಲ್ಲಿತ್ತು. ಹುಟ್ಟಿದ್ದು ದಕ್ಷಿಣದ ಹಳ್ಳಿಯಲ್ಲಿ. ಗೆರೆ ಹಾಕುವ ವಯಸ್ಸು ಬರುವ ಮೊದಲೇ ಉತ್ತರ-ದಕ್ಷಿಣದ ಯುದ್ಧ ಊರಿಗೂ ಬಂತು. ತಂದೆ ದನಗಳ ಜೊತೆ ಊರಲ್ಲೇ ಉಳಿದರೆ, ತಾಯಿ ಮಕ್ಕಳನ್ನು ಕಟ್ಟಿಕೊಂಡು ಉತ್ತರದ ರಾಜಧಾನಿ ಖಾರ್ಟೂಮಿಗೆ ಓಡಿದಳು. ಅಲ್ಲಿ ಮರದ ಕೆಳಗೆ ಚಹಾ ಮಾರಿ ಮಕ್ಕಳನ್ನು ಸಾಕಿದಳು, ಮಗಳನ್ನು ಅಲ್ಲಿಯೇ ಮದುವೆ ಮಾಡಿಕೊಟ್ಟಳು. ಈಗ ದೇಶ ಎರಡಾಗುವ ಮಾತು ನಡೆದಿತ್ತು. ಆದರೆ ಇವನು ಯಾವ ಕಡೆಯವನು? ಮನಸ್ಸು ದಕ್ಷಿಣದಲ್ಲಿತ್ತು. ಮೊಮ್ಮಕ್ಕಳನ್ನು ಬಿಟ್ಟು ಬರುವುದಿಲ್ಲ ಎಂದು ತಾಯಿ ಉತ್ತರದಲ್ಲಿ ಹಟ ಹಿಡಿದು ಕುಳಿತಿದ್ದಳು.

ನಮ್ಮ ಮನೆಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಅತ್ತೆಯ ತವರು ಗಡಿಯಾಚೆ ಮಹಾರಾಷ್ಟ್ರದ ಕಾಗಲ್ ಕಡೆ. ಅಡಿಗೆಮನೆಯಲ್ಲಿ ಮರಾಠಿ, ಪಡಸಾಲೆಯಲ್ಲಿ ಕನ್ನಡ, ಕೊಟ್ಟಿಗೆಯಲ್ಲಿ ಎರಡೂ. ಗಡಿ ಜಗಳ ಎದ್ದಾಗಲೆಲ್ಲ ಎರಡೂ ಕಡೆಯವರು ಬೋರ್ಡಿಗೆ ಮಸಿ ಬಳಿಯುವುದು, ಬಸ್ಸು ನಿಲ್ಲಿಸುವುದು ನಮಗೆ ಹೊಸದಲ್ಲ. ಪಾವಣಾ ಒಂದು ದಿನ ನಾನು ಇಷ್ಟು ವರ್ಷ ಕೇಳಲು ಧೈರ್ಯ ಮಾಡದ ಪ್ರಶ್ನೆಯನ್ನು ನೇರವಾಗಿ ಕೇಳಿಬಿಟ್ಟ. ‘ಕಾಕಾ, ನಿಮಗ ಯಾವ ಕಡೆ ಬೇಕಾಗಿತ್ರಿ?’

ರಾಜಕೀಯವೆಂದರೆ ಕುಳಿತಲ್ಲೇ ಸರಕಾರ ಬೀಳಿಸುವ ಮಾವನವರು ಒಮ್ಮೆ ಅಡಿಗೆಮನೆಯ ಕಡೆ ನೋಡಿದರು. ‘ಮೆಲ್ಲಕ ಮಾತಾಡೋ, ಒಳಗ ಕೇಳಸ್ತೈತಿ’ ಎಂದು ನಕ್ಕರು. ಆಮೇಲೆ ನಗು ನಿಂತಿತು.

‘ಗೆರಿ ಎಲ್ಲಿದ್ರೂ ನಡೀತೈತಿ ನೋಡಪಾ, ಬಸ್ ನಿಂದ್ರಬಾರದು. ಇಕಿ ಅವ್ವ ಸತ್ತಾಗ ಬಸ್ ನಿಂತಿದ್ವು. ಮಣ್ಣಿಗೆ ಕರಕೊಂಡ ಹೋಗಾಕ ಆಗ್ಲಿಲ್ಲ ನನಗ.’

ಒಳಗೆ ರೊಟ್ಟಿ ಬಡಿಯುವ ಸದ್ದು ತುಸು ಹೊತ್ತು ನಿಂತು ಮತ್ತೆ ಶುರುವಾಯಿತು.

ಅವನ ಹೊಸ ದೇಶ ಹುಟ್ಟಿದ್ದು ನಮ್ಮಲ್ಲಿ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ದಿನ. ನಮ್ಮ ಟಿವಿಯ ಮುಂದೆ ನೆಲದ ಮೇಲೆ ಕುಳಿತಿದ್ದ. ಬಾವುಟ ಮೇಲೇರಿದಾಗ ಆ ಎತ್ತರದ ಮನುಷ್ಯ ಮೊಳಕಾಲಿಗೆ ಮುಖ ಹಚ್ಚಿ ಅತ್ತ. ಅತ್ತೆ ಗಾಬರಿಯಾಗಿ ಯಾರು ತೀರಿಕೊಂಡರು ಎಂದು ಕೇಳಿದರು. ‘ಸತ್ತಿಲ್ರಿ ಆಯಿ, ಹುಟ್ಟೈತಿ. ದೇಶ ಹುಟ್ಟೈತಿ’ ಎಂದ. ಅತ್ತೆ ಎದ್ದು ಹೋಗಿ ಒಂದು ತುಂಡು ಬೆಲ್ಲ ತಂದು ಅವನ ಬಾಯಿಗೆ ಹಾಕಿದರು. ಹುಟ್ಟಿದೆ ಎಂದಮೇಲೆ ಓಣಿಗೆ ಸಿಹಿ ಹಂಚಬೇಕಲ್ಲ! ಮಾವನವರು ಮೀಸೆಯಲ್ಲೇ ನಗುತ್ತ, ‘ಗಂಡೋ ಹೆಣ್ಣೋ? ಪೇಢೇನೋ ಜಿಲೇಬಿನೋ?’ ಎಂದರು. ಅವನಿಗೆ ಆ ಪದ್ಧತಿ ವಿವರಿಸಿದ್ದು ನಾನೇ. ಬಹಳ ಹೊತ್ತು ಯೋಚಿಸಿದ. ಮಳೆಯಲ್ಲೇ ಪೇಟೆಗೆ ಹೋಗಿ ಎರಡನ್ನೂ ತಂದ.

ಮನೆಮನೆಗೆ ಡಬ್ಬಿ ಹೋಯಿತು. ಓಣಿಯ ಹೆಂಗಸರೆಲ್ಲ ಬೆರಗಾದರು. ಅವಳಿ ಹುಟ್ಟಿವೆ, ಸರಿ, ಆದರೆ ಹಡೆದವಳೆಲ್ಲಿ? ಯಾರೋ ಅವನನ್ನೇ ತಡೆದು ಕೇಳಿದ್ದಕ್ಕೆ ಅವನು, ‘ಹೌದ್ರಿ, ಅವಳಿನ. ಹಳೇ ದೇಶಾನೂ ಇವತ್ತ ಹೊಸದಾಗಿ ಹುಟ್ಟಿದಂಗರಿ. ನಮ್ಮವ್ವ ಒಂದರ ಕಡೆ ಅದಾಳ, ನಾ ಒಂದರ ಕಡೆ’ ಎಂದನಂತೆ. ಬರೀ ಗೆದ್ದವನ ಸಿಹಿ ಹಂಚಲು ಅವನಿಗೆ ಮನಸ್ಸಾಗಿರಲಿಲ್ಲ. ಅವನ ಮೇಲೆ ನನಗೆ ಪ್ರೀತಿ ಉಕ್ಕಿದ್ದು ಅವತ್ತು.

ಓದು ಮುಗಿಸಿ ಅವನು ಹೊಸ ದೇಶಕ್ಕೇ ಹೊರಟ. ‘ಅಲ್ಲಿ ಡಾಂಬರ ರಸ್ತಾ ಇಲ್ರಿ ವೈನಿ, ಹೊಳಿ ದಾಟಾಕ ಪೂಲ ಇಲ್ಲ, ಏನೂ ಇಲ್ಲ. ಎಲ್ಲಾ ನಾವ ಮಾಡಬೇಕು!’ ಎಂದು ಹೇಳುವಾಗ ಅವನ ಮುಖ ಬೆಳಗಿತ್ತು. ಏನೂ ಇಲ್ಲದ್ದನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಮತ್ತೆ ನೋಡಿಲ್ಲ. ಮಾವನವರು ತಮ್ಮ ವಿಭೂತಿ ಗಟ್ಟಿಯಿಂದ ಅವನ ಹಣೆಗೆ ಮೂರು ಎಳೆ ಎಳೆದು, ‘ಊರ ಮುಟ್ಟೂತನಾ ಮಾರಿ ತೊಳೀಬ್ಯಾಡ’ ಎಂದು ಚೇಷ್ಟೆ ಮಾಡಿದರು. ಅವನು ಬಗ್ಗಿ ಅವರ ಕಾಲು ಮುಟ್ಟಿದ.

ಆಮೇಲೆ ಫೋನು ಬರುತ್ತಿತ್ತು. ಮಾವನವರು ಕೇಳುತ್ತಿದ್ದುದು ಒಂದೇ ಮಾತು, ‘ಕೂಸುಗೋಳು ಹ್ಯಾಂಗ ಅದಾವೋ ಪಾವಣಾ?’ ಮೊದಮೊದಲು ಅವನು, ‘ಎರಡೂ ಆಟ ಆಡಾಕತ್ತಾವ್ರಿ ಕಾಕಾ’ ಎನ್ನುತ್ತಿದ್ದ. ಎರಡು ವರ್ಷ ಕಳೆಯುವುದರೊಳಗೆ ಹೊಸ ದೇಶದಲ್ಲಿ ತಮ್ಮತಮ್ಮವರೇ ಬಂದೂಕು ಹಿಡಿದರು. ‘ಸಣ್ಣದಕ್ಕ ಜ್ವರ ಬಂದಾವ್ರಿ’ ಎಂದ. ಅದು ಇಳಿಯದ ಜ್ವರವಾಯಿತು. ಫೋನು ಅಪರೂಪವಾಯಿತು... ಅತ್ತೆ ಹೋದರು, ಅವರ ಹಿಂದೆಯೇ ಮಾವನವರೂ ಹೋದರು. ಕಡೆಯ ದಿನಗಳಲ್ಲೂ ಅವರು ಆ ಕೂಸುಗಳನ್ನು ಕೇಳುತ್ತಿದ್ದರು.

ಮುಂದೆ ಖಾರ್ಟೂಮಿನಲ್ಲೂ ಯುದ್ಧ ಹತ್ತಿತು. ಅದಾಗಿ ಕೆಲವು ತಿಂಗಳಿಗೆ ಅವನ ಕಡೆಯ ಫೋನು ಬಂತು. ದನಿ ಒಡೆದೊಡೆದು ಕೇಳುತ್ತಿತ್ತು. ಮಾವನವರ ಪ್ರಶ್ನೆಯನ್ನು ನಾನೇ ಕೇಳಿದೆ.

‘ಎರಡೂ ಅಳಾಕತ್ತಾವ್ರಿ ವೈನಿ. ಅವ್ವ ಹೋದ್ಳು. ಮಣ್ಣಿಗೆ ಹೋಗಾಕ ಆಗ್ಲಿಲ್ಲ. ಕಾಕಾಗ ಹೇಳ್ರಿ... ಬಸ್ ನಿಂತಾವ ಅಂತ.’

ಕಾಕಾ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ‘ಹೇಳ್ತೇನಿ’ ಎಂದೆ. ಆ ನಂಬರಿಗೆ ಆಮೇಲೆ ಎಷ್ಟು ಹಚ್ಚಿದರೂ ಹತ್ತಲಿಲ್ಲ. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಟಿವಿಯವರೂ ಹೇಳುವುದಿಲ್ಲ.

ಮೊನ್ನೆ ಡಬ್ಬಿ ಹಿಡಿದು ನಿಂತವಳನ್ನು ಎದುರು ಮನೆಯಾಕೆ, ‘ಯಾಕ್ರಿ ವೈನಿ, ಬಾಯಿಗೆ ಹಾಕ್ಕೋರಿ’ ಎಂದು ಅಲುಗಿಸಿದಳು. ನಾನು ಕೇಳಿದೆ, ‘ಕೂಸುಗೋಳು ಹ್ಯಾಂಗ ಅದಾವ?’

‘ಎರಡೂ ಆರಾಮ ಅದಾವ್ರಿ’ ಎಂದಳು.

ಎಷ್ಟೋ ವರ್ಷದಿಂದ ಕಾಯುತ್ತಿದ್ದ ಉತ್ತರ ಅದು. ಹೇಳಬೇಕಾದವನು ಹೇಳಲಿಲ್ಲ. ಒಂದು ಪೇಢೆ ಮುರಿದು ಬಾಯಿಗೆ ಹಾಕಿಕೊಂಡೆ, ಅಳು ಬಂತು. ಅವಳು ಅದನ್ನು ಸಂತೋಷದ ಅಳುವೆಂದೇ ತಿಳಿದು ನನ್ನ ಕೈ ಹಿಡಿದುಕೊಂಡಳು.